ಪಿಕಪ್ ಗಾಡೀಲಿ ನೀವು ದುಡ್ಡು ಕೊಡೋದು ಯಾವ ಭಾಗಕ್ಕೆ?

(ಈ ವಾರದ ಎಪಿಸೋಡ್‌ನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಮಾತನ್ನ ಸ್ವಲ್ಪ ತಿದ್ದಲಾಗಿದೆ.)

 

ಸುಮಾರು ಒಂದು ತಿಂಗಳಿಂದ ವಾಯ್ಸ್ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕ್ಕೊಂಡು ಬರ್ತಾ ಇದೆ. ಒಬ್ಬರು ಕೇಳಿದ್ರು, "ಬ್ರೋ, ಸೆಕೆಂಡ್ ಹ್ಯಾಂಡ್ ವಿ-ಕ್ರಾಸ್ ಒಂದು ನೋಡಿದೀನಿ. ಶನಿವಾರ, ಭಾನುವಾರ ಸಕಲೇಶಪುರ, ಉಳಿದ ದಿನ ಅಪ್ಪನ ಹಾರ್ಡ್‌ವೇರ್ ಅಂಗಡಿ ಸಾಮಾನು. ಎರಡೂ ಆಗುತ್ತಾ?" ಇನ್ನೊಬ್ಬರು ಕೋಲಾರದ ಕಡೆಯವರು, "ಅಣ್ಣಾ, ಲೋನ್ ಮಾಡಿ ಪಿಕಪ್ ತಗೊಂಡು ಟೊಮೆಟೊ ಮಾರ್ಕೆಟ್‌ಗೆ ಬಿಡೋಣ ಅಂತಿದೀನಿ. ಯಾವುದು ತಗೊಳ್ಳಲಿ?"

ನಾನು ಬಿ.ಕಾಂ ಓದಿದವನು, ಮೆಕ್ಯಾನಿಕ್ ಅಲ್ಲ. ಹಾಗಾಗಿ ನನಗೆ ಗಾಡಿ ಅಂದ್ರೆ ಮೊದಲು ಕಾಣೋದು ಲೆಕ್ಕ. ಆದರೆ ಪಿಕಪ್ ವಿಷಯದಲ್ಲಿ ಒಂದು ಮಜಾ ಇದೆ. ಅದರ ಡಿಸೈನ್ ಅರ್ಥ ಆಗದೆ ಅದರ ಲೆಕ್ಕ ಅರ್ಥ ಆಗಲ್ಲ. ಈ ಬೋಲ್ಟ್ ಯಾಕೆ ಇಲ್ಲಿದೆ, ಈ ಬಾಗಿಲು ಯಾಕೆ ಹೀಗೆ ತೆರೆಯುತ್ತೆ ಅನ್ನೋದಕ್ಕೂ ನಿಮ್ಮ ತಿಂಗಳ ಕಂತಿಗೂ ನೇರ ಸಂಬಂಧ ಇದೆ. ಇವತ್ತು ಅದನ್ನೇ ಮಾತಾಡೋಣ. ಕೊನೇಲಿ ಒಂದು ದಿನದ ಖರ್ಚಿನ ಲೆಕ್ಕಾನೂ ಹಾಕೋಣ.

ಎರಡು ತುಂಡು, ಒಂದು ಏಣಿ

ಒಂದು ಪಿಕಪ್ ಪಕ್ಕದಲ್ಲಿ ನಿಂತು ನೋಡಿ. ಕ್ಯಾಬಿನ್‌ಗೂ ಹಿಂದಿನ ಬಾಡಿಗೂ ಮಧ್ಯೆ ಎರಡು ಬೆರಳು, ಮೂರು ಬೆರಳಿನಷ್ಟು ಸಂದು ಇರುತ್ತೆ. ಬಹಳ ಜನ ಅದನ್ನ ಗಮನಿಸೋದೇ ಇಲ್ಲ. ಆದರೆ ಇಡೀ ಗಾಡಿಯ ಗುಟ್ಟು ಆ ಸಂದಿನಲ್ಲಿದೆ.

ಈಗಿನ ಹೆಚ್ಚಿನ ಕಾರುಗಳಲ್ಲಿ ಬೇರೆ ಚಾಸಿ ಅಂತ ಇರಲ್ಲ. ಮೈಯೇ ಎಲುಬು. ಮೊಟ್ಟೆ ಚಿಪ್ಪಿನ ಥರ ಇಡೀ ಬಾಡಿ ಸೇರಿ ಭಾರ ಹೊರುತ್ತೆ. ಕೆಲಸದ ಪಿಕಪ್ ಹಾಗಲ್ಲ. ಕೆಳಗೆ ಎರಡು ಉದ್ದನೆಯ ಉಕ್ಕಿನ ತೊಲೆ, ಮಧ್ಯೆ ಅಡ್ಡಪಟ್ಟಿಗಳು. ನೋಡೋಕೆ ಮಲಗಿಸಿಟ್ಟ ಏಣಿ ಥರ ಇರೋದರಿಂದ ಅದಕ್ಕೆ ಲ್ಯಾಡರ್ ಫ್ರೇಮ್ ಅಂತ ಹೆಸರು. ಅದರ ಮೇಲೆ ಕ್ಯಾಬಿನ್ ಬೇರೆ ಕೂರುತ್ತೆ, ಬಾಡಿ ಬೇರೆ ಕೂರುತ್ತೆ.

ಬೇರೆ ಬೇರೆ ಯಾಕೆ? ಲೋಡ್ ಹಾಕ್ಕೊಂಡು ಹೊಲದ ದಾರಿಯಲ್ಲಿ ಒಂದು ಚಕ್ರ ಗುಂಡಿಗಿಳಿದಾಗ ಚಾಸಿ ಸ್ವಲ್ಪ ತಿರುಚುತ್ತೆ. ಎರಡೂ ಒಂದೇ ತುಂಡಾಗಿದ್ದರೆ ಆ ತಿರುಚಿಗೆ ಲೋಹ ಬಿರುಕು ಬಿಡುತ್ತೆ. ಬೇರೆ ಇದ್ದರೆ ತಮ್ಮ ತಮ್ಮ ಜಾಗದಲ್ಲಿ ಅಲುಗಾಡಿ ಸುಮ್ಮನಾಗುತ್ತವೆ. ಇನ್ನೊಂದು ಲಾಭ ಏನಂದ್ರೆ, ಬಾಡಿ ಬಿಚ್ಚಿ ಬೇರೆ ಹಾಕಬಹುದು. ಒಂದೇ ಚಾಸಿ ಮೇಲೆ ಹಾಲಿನ ಟ್ಯಾಂಕ್, ಕುರಿ ಸಾಗಿಸೋಕೆ ಜಾಲರಿ, ಐಸ್‌ಕ್ರೀಮ್ ಪೆಟ್ಟಿಗೆ ಏನು ಬೇಕಾದರೂ ಕೂರಿಸಬಹುದು.

ಇದಕ್ಕೆ ಕೊಡೋ ಬೆಲೆ ತೂಕ. ಏಣಿ ಭಾರ, ಅದರ ಮೇಲೆ ಎಲ್ಲಾ ಎತ್ತರದಲ್ಲಿ ಕೂರುತ್ತೆ. ತಿರುವಿನಲ್ಲಿ ಕಾರಿನ ಥರ ನೆಲಕ್ಕೆ ಅಂಟಿಕೊಂಡು ಹೋಗಲ್ಲ.

ಖಾಲಿ ಇದ್ದಾಗ ಕುಣಿಯೋದ್ಯಾಕೆ?

ಖಾಲಿ ಪಿಕಪ್‌ನಲ್ಲಿ ಕೂತು ಹಳ್ಳಿ ರಸ್ತೇಲಿ ಹೋಗಿದ್ದೀರಾ? ಸೊಂಟ ಹೇಳುತ್ತೆ ಕಥೆ. ಅದೇ ಗಾಡಿಗೆ ಒಂದು ಟನ್ ಹಾಕಿ ನೋಡಿ, ಸಾಧು ಆಗಿಬಿಡುತ್ತೆ.

ಕಾರಣ ಹಿಂದಿನ ಲೀಫ್ ಸ್ಪ್ರಿಂಗ್. ಒಂದರ ಮೇಲೊಂದು ಉಕ್ಕಿನ ಪಟ್ಟಿ ಜೋಡಿಸಿ ಬಿಲ್ಲಿನ ಥರ ಬಗ್ಗಿಸಿರ್ತಾರೆ. ಸಾವಿರ ಕೆಜಿಗಿಂತ ಹೆಚ್ಚು ಭಾರ ತಡೀಬೇಕು ಅಂತ ಅಳತೆ ಮಾಡಿದ ಸ್ಪ್ರಿಂಗ್‌ಗೆ ಖಾಲಿ ಬಾಡಿ ಲೆಕ್ಕಕ್ಕೇ ಇಲ್ಲ. ಅದು ಬಗ್ಗೋದೇ ಇಲ್ಲ. ಬಗ್ಗದಿದ್ದರೆ ಗುಂಡಿಯ ಏಟು ನೇರ ನಿಮಗೆ.

ಇಲ್ಲೊಂದು ಸ್ವಾರಸ್ಯ ನೋಡಿ. ಟೊಯೋಟಾದ ಫಾರ್ಚೂನರ್ ಮತ್ತು ಹೈಲಕ್ಸ್ ಒಂದೇ ಬುಡದ ಮೇಲೆ ಕಟ್ಟಿದ ಗಾಡಿಗಳು. ಫಾರ್ಚೂನರ್‌ಗೆ ಹಿಂದೆ ಸುರುಳಿ ಸ್ಪ್ರಿಂಗ್, ಯಾಕಂದ್ರೆ ಅಲ್ಲಿ ಕೂರೋದು ಜನ. ಹೈಲಕ್ಸ್‌ಗೆ ಲೀಫ್ ಸ್ಪ್ರಿಂಗ್, ಯಾಕಂದ್ರೆ ಅಲ್ಲಿ ಕೂರೋದು ಲೋಡ್. ಅಂದ್ರೆ 30 ಲಕ್ಷ ಕೊಟ್ಟರೂ ಪಿಕಪ್ ಪಿಕಪ್ಪೇ. ಹಿಂದಿನ ಸೀಟಲ್ಲಿ ಕೂತ ಅಮ್ಮ "ಇದೇನೋ ಇಷ್ಟು ಎತ್ತಿ ಹಾಕುತ್ತೆ" ಅಂದ್ರೆ ಅದು ರಿಪೇರಿ ಮಾಡಿಸೋ ದೋಷ ಅಲ್ಲ, ಅದರ ಹುಟ್ಟುಗುಣ.

ಇದರ ಜೊತೆಗೆ ಇನ್ನೊಂದು. ಕೆಲಸದ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಮುಂದೆ, ಎಳೆಯೋ ಚಕ್ರ ಹಿಂದೆ. ಲೋಡ್ ಇದ್ದಾಗ ಹಿಂದಿನ ಚಕ್ರದ ಮೇಲೆ ಭಾರ ಬೀಳುತ್ತೆ, ಹಿಡಿತ ಚೆನ್ನಾಗಿರುತ್ತೆ. ಖಾಲಿ ಇದ್ದಾಗ ಹಿಂಭಾಗ ಹಗುರ. ಮಳೆಗಾಲದಲ್ಲಿ ಮಡಿಕೇರಿ ಕಡೆಯ ಎಸ್ಟೇಟ್ ದಾರಿಯ ಕೆಸರಲ್ಲಿ ಖಾಲಿ ಪಿಕಪ್ ಏರು ಹತ್ತಿಸೋಕೆ ಹೋದ್ರೆ ಚಕ್ರ ಅಲ್ಲೇ ಸುತ್ತುತ್ತೆ. ಅಂಥ ಕಡೆ ನಾಲ್ಕೂ ಚಕ್ರ ಎಳೆಯೋ ಫೋರ್ ವೀಲ್ ಡ್ರೈವ್ ಶೋಕಿ ಅಲ್ಲ, ಅವಶ್ಯಕತೆ. ಬಯಲುಸೀಮೆಯ ಟಾರು ರಸ್ತೇಲಿ ಓಡೋ ಗಾಡಿಗೆ ಅದು ಸುಮ್ನೆ ಖರ್ಚು, ಸುಮ್ನೆ ತೂಕ.

ಉದ್ದದ ಲೆಕ್ಕ

ಈಗ ನನ್ನ ಇಷ್ಟದ ಭಾಗ. ಯಾವುದೇ ಪಿಕಪ್ ಬಗ್ಗೆ ನಾನು ಕೇಳೋ ಮೊದಲ ಪ್ರಶ್ನೆ, ಗಾಡಿಯ ಉದ್ದದಲ್ಲಿ ನೂರಕ್ಕೆ ಎಷ್ಟು ಪಾಲು ಸಾಮಾನು ಹೊರುತ್ತೆ? ಉಳಿದ ಪಾಲು ರಸ್ತೇಲಿ, ಪಾರ್ಕಿಂಗ್‌ನಲ್ಲಿ ಜಾಗ ತಿನ್ನುತ್ತೆ, ಬಾಡಿಗೆ ದುಡಿಯಲ್ಲ.

2005ರ ಮೇ ತಿಂಗಳಲ್ಲಿ ಬಂದ ಮೊದಲ ಟಾಟಾ ಏಸ್ ತಗೊಳ್ಳಿ. ಹಿಂದಿಯವರು ಅದನ್ನ ಛೋಟಾ ಹಾಥಿ ಅಂದ್ರು, ಪುಟಾಣಿ ಆನೆ. ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಎಂಜಿನ್, 16 ಅಶ್ವಶಕ್ತಿ, ಹೊರೋ ತೂಕ 750 ಕೆಜಿ. ಗಾಡಿಯ ಉದ್ದ 3.8 ಮೀಟರ್, ಅದರಲ್ಲಿ ಬಾಡಿ 2.2 ಮೀಟರ್. ಅಂದ್ರೆ ನೂರಕ್ಕೆ 58.

ಈಗ ನಮ್ಮ ಬಿಡದಿಯಲ್ಲೇ ಜೋಡಿಸೋ ಹೈಲಕ್ಸ್. ಉದ್ದ 5.3 ಮೀಟರ್. ಐದು ಜನ ಕೂರೋ ಕ್ಯಾಬಿನ್ ಹೋಗಿ ಬಾಡಿಗೆ ಉಳಿಯೋದು ಸುಮಾರು 1.5 ಮೀಟರ್. ನೂರಕ್ಕೆ 28.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಜಪಾನಿನಲ್ಲಿ ಕೇ ಟ್ರಕ್ ಅಂತ ಒಂದು ಜಾತಿ ಇದೆ. ಕಾನೂನಿನ ಪ್ರಕಾರ ಉದ್ದ 3.4 ಮೀಟರ್ ಮೀರಬಾರದು, ಅಗಲ 1.48 ಮೀಟರ್, ಎಂಜಿನ್ 660 ಸಿಸಿ, ಲೋಡ್ 350 ಕೆಜಿ. ಅಷ್ಟು ಪುಟ್ಟ ಗಾಡೀಲಿ ಬಾಡಿ ಉದ್ದ ಸುಮಾರು 1.94 ಮೀಟರ್. ಅಮೆರಿಕದ ಫೋರ್ಡ್ ಎಫ್-150, ಎರಡು ಸಾಲು ಸೀಟು ಮತ್ತು ಗಿಡ್ಡ ಬಾಡಿಯ ಮಾಡೆಲ್, ಸುಮಾರು 5.9 ಮೀಟರ್ ಉದ್ದ. ಬಾಡಿ ಸುಮಾರು 1.7 ಮೀಟರ್. ಅಂದ್ರೆ ಎರಡೂವರೆ ಮೀಟರ್ ಚಿಕ್ಕದಾದ ಜಪಾನೀ ಗಾಡೀಲಿ ಆರಡಿ ಹಲಗೆ ಮಲಗುತ್ತೆ, ಆ ದೈತ್ಯನಲ್ಲಿ ಹಲಗೆಯ ತುದಿ ಹೊರಗೆ ಬರುತ್ತೆ.

ಹಾಗಂತ ಅಮೆರಿಕದವರು ದಡ್ಡರಾ? ಅಲ್ಲ. ಅಲ್ಲಿ ಪಿಕಪ್ ಮನೆಯ ಕಾರೂ ಹೌದು, ಟ್ರೇಲರ್ ಎಳೆಯೋ ಯಂತ್ರವೂ ಹೌದು. ಜೊತೆಗೆ ತೆರಿಗೆಯ ಕೈವಾಡವೂ ಇದೆ. 1960ರ ದಶಕದಲ್ಲಿ ಯುರೋಪಿನವರು ಅಮೆರಿಕದ ಕೋಳಿ ಮಾಂಸಕ್ಕೆ ಸುಂಕ ಹಾಕಿದ್ರು. ಅದಕ್ಕೆ ಪ್ರತಿಯಾಗಿ ಅಮೆರಿಕ ಹೊರದೇಶದ ಲಘು ಟ್ರಕ್‌ಗಳಿಗೆ 25 ಪರ್ಸೆಂಟ್ ಸುಂಕ ಜಡಿಯಿತು. ಅದಕ್ಕೆ 'ಚಿಕನ್ ಟ್ಯಾಕ್ಸ್' ಅಂತಲೇ ಹೆಸರು. ಕೋಳಿ ಜಗಳ ಮುಗಿದು ಎಷ್ಟೋ ಕಾಲ ಆದರೂ ಟ್ರಕ್ ಸುಂಕ ಹಾಗೇ ಉಳೀತು. ಹೊರಗಿನ ಪುಟ್ಟ ಪಿಕಪ್‌ಗಳಿಗೆ ಬಾಗಿಲು ಅರ್ಧ ಮುಚ್ಚಿದ ಹಾಗಾಯ್ತು, ಒಳಗಿನ ಕಂಪನಿಗಳು ದೊಡ್ಡದು ಮಾಡ್ತಾ ಹೋದ್ವು. ಗಾಡಿಯ ಆಕಾರವನ್ನ ಎಂಜಿನಿಯರ್ ಒಬ್ಬನೇ ತೀರ್ಮಾನ ಮಾಡಲ್ಲ, ತೆರಿಗೆ ಪುಸ್ತಕವೂ ಮಾಡುತ್ತೆ.

ಬಾಡಿಯ ಮೂರು ಬಾಗಿಲು

ಉದ್ದ ಒಂದೇ ಅಲ್ಲ, ಆಕಾರವೂ ಮುಖ್ಯ. ಬೊಲೆರೋ ಪಿಕಪ್, ದೋಸ್ತ್, ಏಸ್ ಇವುಗಳ ಬಾಡಿ ಚಕ್ರದ ಮೇಲೆ ಇಟ್ಟ ಮಟ್ಟಸವಾದ ಮಣೆ ಇದ್ದ ಹಾಗೆ. ಸಾಮಾನ್ಯವಾಗಿ ಎಡ, ಬಲ, ಹಿಂದೆ ಮೂರೂ ಕಡೆ ಬಾಗಿಲು ಬಿಚ್ಚಿ ಕೆಳಗಿಳಿಸಬಹುದು. ಮೂರು ಜನ ಮೂರು ಕಡೆಯಿಂದ ಲೋಡ್ ಮಾಡಬಹುದು. ಮಧ್ಯೆ ಇರೋ ಮೂಟೆ ತೆಗೆಯೋಕೆ ಹಿಂದಿನದೆಲ್ಲ ಇಳಿಸಬೇಕಾಗಿಲ್ಲ. ಸುತ್ತ ಹಗ್ಗ ಕಟ್ಟೋಕೆ ಕೊಕ್ಕೆ.

ಹೈಲಕ್ಸ್, ವಿ-ಕ್ರಾಸ್ ಥರದ ಗಾಡಿಗಳಲ್ಲಿ ಬಾಡಿ ಒಂದು ಸ್ನಾನದ ತೊಟ್ಟಿ. ಎರಡೂ ಪಕ್ಕ ಎತ್ತರದ ಗೋಡೆ, ಒಳಗೆ ಚಕ್ರದ ಜಾಗ ಉಬ್ಬಿಕೊಂಡು ಬಂದಿರುತ್ತೆ, ತೆರೆಯೋದು ಹಿಂದಿನ ಬಾಗಿಲು ಒಂದೇ. ಕಾಲಿಟ್ಟು ಹತ್ತಬೇಕು. ಆ ಗೋಡೆಗಳಿಂದಲೇ ಗಾಡಿಗೆ ಆ ಗಟ್ಟಿಮುಟ್ಟಾದ ಲುಕ್ ಬರೋದು. ಟೆಂಟು, ಸೈಕಲ್, ಒಂದು ಬೈಕ್ ಇಡೋಕೆ ಆರಾಮ. ದಿನಕ್ಕೆ ಎರಡು ಸಲ ಲೋಡ್ ಮಾಡಿ ಇಳಿಸೋ ಹಮಾಲರಿಗೆ ಮಾತ್ರ ಶಾಪ. ನಮ್ಮ ಹಾರ್ಡ್‌ವೇರ್ ಅಂಗಡಿ ಗೆಳೆಯರಿಗೆ ಅರ್ಧ ಉತ್ತರ ಇಲ್ಲೇ ಸಿಕ್ತು. 20 ಅಡಿಯ ಪೈಪು, ಕಬ್ಬಿಣದ ಸಲಾಕೆ ಇದರಲ್ಲಿ ಹೋಗೋ ಮಾತೇ ಇಲ್ಲ.

ಮುಂದೆ ಕೂತವರ ಕಾಲು

ಹಾಗಾದ್ರೆ ನೂರಕ್ಕೆ 58 ಇರೋ ಗಾಡಿಯೇ ಬುದ್ಧಿವಂತಿಕೆ ಅಂತೀರಾ? ತಡೀರಿ. ಆ ಪಾಲು ಪುಕ್ಕಟೆ ಬಂದಿಲ್ಲ.

ಬಾಡಿಗೆ ಜಾಗ ಜಾಸ್ತಿ ಸಿಗಬೇಕು ಅಂದ್ರೆ ಮೂತಿ ಮೊಟಕು ಮಾಡಬೇಕು. ಏಸ್ ಥರದ ಗಾಡೀಲಿ ಎಂಜಿನ್ ಸೀಟಿನ ಕೆಳಗೆ, ಡ್ರೈವರ್ ಗಾಡಿಯ ತುದಿಯಲ್ಲಿ. ಮುಂದೆ ಏನಾದ್ರೂ ಗುದ್ದಿದ್ರೆ ಏಟು ತಡೆದು ನುಜ್ಜಾಗೋಕೆ ಉದ್ದನೆಯ ಬಾನೆಟ್ ಇಲ್ಲ. ಮೊದಲು ಸಿಗೋದು ಡ್ರೈವರ್‌ನ ಮೊಣಕಾಲು. ಬೊಲೆರೋ ಪಿಕಪ್‌ಗೆ ಮುಂದೆ ಬಾನೆಟ್ ಇದೆ. ಅಲ್ಲಿ ಹೋದ ಪ್ರತಿ ಅಡಿ ಬಾಡಿಗೆ ನಷ್ಟ, ಕಾಲಿಗೆ ಲಾಭ.

ಇನ್ನೂ ಒಂದು ವಿಷಯ ನಮಗೆ ಯಾರೂ ಹೇಳಲ್ಲ. ಕಾರು ಕೊಳ್ಳುವಾಗ ಸ್ಟಾರ್ ರೇಟಿಂಗ್ ಕೇಳ್ತೀವಲ್ಲ, 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್, ಅದು ಇರೋದು ಜನ ಕೂರೋ ಕಾರುಗಳಿಗೆ. ಸರಕು ಪಿಕಪ್ ಅದರ ವ್ಯಾಪ್ತಿಗೆ ಬರಲ್ಲ. ಟ್ರಕ್ ಕ್ಯಾಬಿನ್‌ಗೆ ಎಸಿ ಕಡ್ಡಾಯ ಅಂತ ಸುದ್ದಿ ಓದಿದ್ರಲ್ಲ, 2025ರ ಅಕ್ಟೋಬರ್ 1ರಿಂದ? ಅದು ಒಟ್ಟು ತೂಕ 3.5 ಟನ್ ದಾಟಿದ ಟ್ರಕ್‌ಗಳಿಗೆ. ಅದಕ್ಕಿಂತ ಕೆಳಗಿರೋ ಪಿಕಪ್ ಡ್ರೈವರ್ ಬೆವರು ಒರೆಸ್ಕೊಂಡೇ ಓಡಿಸಬೇಕು, ಕಂಪನಿ ತಾನಾಗಿ ಕೊಟ್ಟರೆ ಮಾತ್ರ ಎಸಿ. ದಿನಕ್ಕೆ ಹತ್ತು ಗಂಟೆ ಅದರೊಳಗೆ ಕೂರೋರು ಯಾರು? ನೀವೇ, ಅಥವಾ ನೀವು ಸಂಬಳ ಕೊಡೋ ಹುಡುಗ. ಹಾಗಾಗಿ ಶೋರೂಮ್‌ನಲ್ಲಿ ಟಚ್ ಸ್ಕ್ರೀನ್ ತೋರಿಸಿದರೆ ಮರುಳಾಗಬೇಡಿ. ಏರ್‌ಬ್ಯಾಗ್ ಇದೆಯಾ, ಸೀಟು ಎತ್ತರ ಹೊಂದಿಸಬಹುದಾ, ಬೆಲ್ಟ್ ಸರಿಯಾಗಿ ಎಳೆಯುತ್ತಾ, ಇದನ್ನ ಕೇಳಿ.

ಉಲ್ಟಾ ಸಮಸ್ಯೆ ದೈತ್ಯ ಪಿಕಪ್‌ಗಳದ್ದು. ಅಲ್ಲಿ ಒಳಗಿನವರು ಕ್ಷೇಮ, ಹೊರಗಿನವರಿಗೆ ಅಪಾಯ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಒಂದು ಅಧ್ಯಯನ ಹೊರತಂದಿತು. ಬಾನೆಟ್ ತುದಿ 40 ಇಂಚಿಗಿಂತ ಎತ್ತರ ಇರೋ ಗಾಡಿಗಳು ಪಾದಚಾರಿಗೆ ಗುದ್ದಿದಾಗ ಸಾವಿನ ಸಾಧ್ಯತೆ, 30 ಇಂಚಿನೊಳಗಿನ ಇಳಿಜಾರು ಮೂತಿಯ ಗಾಡಿಗಳಿಗಿಂತ ಸುಮಾರು 45 ಪರ್ಸೆಂಟ್ ಜಾಸ್ತಿ ಅಂತ. ಕಾರಣ ಸರಳ. ತಗ್ಗು ಮೂತಿ ಕಾಲಿಗೆ ತಾಗುತ್ತೆ, ಎತ್ತರದ ಮೂತಿ ಎದೆಗೆ, ತಲೆಗೆ ತಾಗುತ್ತೆ. ನಮ್ಮ ಮಾರ್ಕೆಟ್ ರಸ್ತೆಗಳಲ್ಲಿ ನಡ್ಕೊಂಡು ಹೋಗೋರೇ ಜಾಸ್ತಿ ಅನ್ನೋದು ನೆನಪಿರಲಿ.

26 ಮೂಟೆ ಸಿಮೆಂಟ್

ಈಗ ತೂಕದ ವಿಷಯ. ಆರ್‌ಸಿ ತೆಗೆದು ನೋಡಿ. ಖಾಲಿ ಗಾಡಿಯ ತೂಕ ಒಂದು ಕಡೆ, ಲೋಡ್ ಸೇರಿ ಒಟ್ಟು ತೂಕ ಇನ್ನೊಂದು ಕಡೆ ಇರುತ್ತೆ. ಎರಡನೆಯದರಿಂದ ಮೊದಲನೆಯದು ಕಳೆದರೆ ಬರೋದೇ ನೀವು ಹೊರಬಹುದಾದ ಭಾರ. ನೆನಪಿಡಿ, ಡ್ರೈವರ್, ಕ್ಲೀನರ್ ತೂಕವೂ ಅದರಲ್ಲೇ. ಆಮೇಲೆ ಕಟ್ಟಿಸಿದ ಕಬ್ಬಿಣದ ಜಾಲರಿ ತೂಕವೂ ಅದರಲ್ಲೇ.

1.3 ಟನ್ ಅಂತ ಮಾರೋ ಒಂದು ಪಿಕಪ್ ಇಟ್ಕೊಳ್ಳಿ. 50 ಕೆಜಿಯ ಸಿಮೆಂಟ್ ಮೂಟೆ ಎಷ್ಟು ಹಿಡಿಯುತ್ತೆ? 26. ಒಂಬತ್ತು ಅಡಿ ಬಾಡೀಲಿ 26 ಮೂಟೆ ಹಾಸಿದ್ರೆ ಹೆಚ್ಚುಕಮ್ಮಿ ಒಂದೂವರೆ ಪದರ ಅಷ್ಟೇ. ನೋಡೋಕೆ ಗಾಡಿ ಖಾಲಿ ಕಾಣುತ್ತೆ! ಇಲ್ಲೇ ಎಲ್ಲರೂ ಜಾರೋದು. "ಇಷ್ಟು ಜಾಗ ಇದೆಯಲ್ಲಣ್ಣ, ಇನ್ನೊಂದು ಇಪ್ಪತ್ತು ಹಾಕು." ಕಣ್ಣು ಜಾಗ ಅಳೆಯುತ್ತೆ, ಆಕ್ಸಲ್ ತೂಕ ಅಳೆಯುತ್ತೆ.

ಅದೇ ಹೂವಿನ ಬುಟ್ಟಿ, ಥರ್ಮಾಕೋಲ್, ಸೋಫಾ ಸಾಗಿಸೋರಿಗೆ ತೂಕದ ಯೋಚನೆಯೇ ಇಲ್ಲ, ಜಾಗ ಮೊದಲು ಮುಗಿಯುತ್ತೆ. ನಿಮ್ಮ ಸರಕು ಭಾರದ್ದಾ, ಗಾತ್ರದ್ದಾ ಅನ್ನೋದು ಮೊದಲು ಗೊತ್ತಿರಲಿ. ಭಾರದ್ದಾದರೆ ಟನ್ ನೋಡಿ ಕೊಳ್ಳಿ, ಗಾತ್ರದ್ದಾದರೆ ಅಡಿ ನೋಡಿ ಕೊಳ್ಳಿ.

ಟೊಮೆಟೊ ಮಧ್ಯದ್ದು. ಕೋಲಾರ ಎಪಿಎಂಸಿಯಲ್ಲಿ ವ್ಯವಹಾರ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ. ಕ್ರೇಟ್ ತೂಕ ಸೇರಿ 17 ಕೆಜಿ ಅಂತ ಇಟ್ಕೊಂಡ್ರೆ 1,300 ಕೆಜಿಗೆ 76 ಬಾಕ್ಸ್. ಸೀಸನ್‌ನಲ್ಲಿ ಆಸೆಗೆ 120 ಹಾಕಿದ್ರೆ 2,040 ಕೆಜಿ. ಅಂದ್ರೆ 740 ಕೆಜಿ ಹೆಚ್ಚು. ಬಾಕ್ಸ್‌ಗೆ 20 ರೂಪಾಯಿ ಬಾಡಿಗೆ ಅಂದ್ರೂ ಆ 44 ಬಾಕ್ಸ್‌ನಿಂದ ಸಿಗೋದು 880 ರೂಪಾಯಿ. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಓವರ್‌ಲೋಡ್ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000. ಹೆಚ್ಚಿನ ಲೋಡ್ ಇಳಿಸೋ ಖರ್ಚೂ ನಿಮ್ಮದೇ. ಒಂದು ಸಲ ಸಿಕ್ಕಿಬಿದ್ರೆ 23 ಟ್ರಿಪ್‌ನ ಆಸೆ ಹೋಯ್ತು.

ದಂಡ ಬಿಡಿ, ಭೌತಶಾಸ್ತ್ರಕ್ಕೆ ಚಲನ್ ಬೇಕಾಗಿಲ್ಲ. ತೂಕ ಹೆಚ್ಚಿದಷ್ಟು ಬ್ರೇಕ್ ನುಂಗಬೇಕಾದ ಶಕ್ತಿ ಹೆಚ್ಚು. ಭಾರ ಹಿಂದಿನ ಆಕ್ಸಲ್‌ನ ಆಚೆಗೆ ಬಿದ್ದರೆ ಸೀಸಾ ಆಟದ ಥರ ಮುಂಭಾಗ ಮೇಲೇಳುತ್ತೆ, ಸ್ಟೇರಿಂಗ್ ಹಗುರ ಆಗುತ್ತೆ, ತಿರುಗಿಸಿದ್ರೂ ಗಾಡಿ ಮಾತು ಕೇಳಲ್ಲ. ಭಾರದ್ದೆಲ್ಲ ಕ್ಯಾಬಿನ್ ಕಡೆಗೆ, ತಳದಲ್ಲಿ ಇಡಿ ಅನ್ನೋದು ಇದಕ್ಕೇ.

ಬಾಡೀಲಿ ಜನ

ಇದನ್ನ ಹೇಳೋಕೆ ಮೂಡ್ ಸ್ವಲ್ಪ ಬದಲಾಯಿಸ್ಕೋಬೇಕು. ಕೂಲಿ ಕೆಲಸಕ್ಕೆ, ಮದುವೆಗೆ, ಜಾತ್ರೆಗೆ, ಪಿಕಪ್ ಬಾಡೀಲಿ ಜನ ನಿಂತು ಹೋಗೋದು ನಮಗೆ ಎಷ್ಟು ಮಾಮೂಲಿ ಅಂದ್ರೆ ಅದು ಕಣ್ಣಿಗೇ ಬೀಳಲ್ಲ. ಉರುಳಿಬಿದ್ದ ಸುದ್ದಿ ಬಂದ ದಿನ ಮಾತ್ರ ಬೀಳುತ್ತೆ.

ಡಿಸೈನ್ ಏನು ಹೇಳುತ್ತೆ ನೋಡಿ. ಸಿಮೆಂಟ್ ಮೂಟೆ ತಳದಲ್ಲಿ ಮಲಗಿರುತ್ತೆ, ಅಲುಗಾಡಲ್ಲ. 20 ಜನ ನಿಂತರೆ ತೂಕ ಸುಮಾರು ಅಷ್ಟೇ ಆಗಬಹುದು, ಆದರೆ ಆ ತೂಕದ ನಡುಮಧ್ಯ ಮೂರಡಿ ಮೇಲೆ ಹೋಗಿಬಿಡುತ್ತೆ. ತಿರುವು ಬಂದಾಗ ಎಲ್ಲರೂ ಒಂದೇ ಕಡೆ ವಾಲ್ತಾರೆ. ಎತ್ತರದ ಏಣಿ ಚಾಸಿ, ಗಟ್ಟಿ ಸ್ಪ್ರಿಂಗ್, ಮೇಲೆ ವಾಲೋ ಭಾರ. ಗಾಡಿ ಮಗುಚೋಕೆ ಇದಕ್ಕಿಂತ ಬೇರೆ ಏನೂ ಬೇಡ. ಬಾಡಿಯ ಪಕ್ಕದ ಬಾಗಿಲಿನ ಚಿಲಕ ಮೂಟೆ ತಡೆಯೋಕೆ ಮಾಡಿದ್ದು, ಒರಗಿದ ಮನುಷ್ಯರನ್ನ ತಡೆಯೋಕಲ್ಲ.

ಇನ್ನು ವಿಮೆ. ಸರಕು ಗಾಡೀಲಿ ಸರಕಿನ ಮಾಲೀಕ ಅಥವಾ ಅವರ ಪ್ರತಿನಿಧಿ ಜೊತೆಗೆ ಹೋದರೆ ಕಾನೂನಿನ ರಕ್ಷಣೆ ಇದೆ. ಸುಮ್ನೆ ಹತ್ತಿಸ್ಕೊಂಡ ಪ್ರಯಾಣಿಕರ ವಿಷಯದಲ್ಲಿ ವಿಮಾ ಕಂಪನಿ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಕೆಲವು ಕೇಸ್‌ಗಳಲ್ಲಿ ಕೋರ್ಟು, ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡ್ಕೊಳ್ಳಲಿ ಅನ್ನುತ್ತೆ. ಎರಡರಲ್ಲೂ ಕೊನೆಗೆ ಬಿಲ್ ಬರೋದು ಯಾರ ಮನೆಗೆ? ಗಾಡಿ ಮಾಲೀಕನ ಮನೆಗೆ. ಸಾಲ ತೀರದ ಗಾಡಿ, ಅದರ ಮೇಲೆ ಲಕ್ಷಗಟ್ಟಲೆ ಪರಿಹಾರ. ಹೋದ ಜೀವಕ್ಕೆ ಮಾತ್ರ ಯಾವ ಲೆಕ್ಕವೂ ಇಲ್ಲ. ಕೆಲಸದವರನ್ನೂ ಸಾಮಾನನ್ನೂ ಒಟ್ಟಿಗೆ ಒಯ್ಯಬೇಕು ಅನ್ನೋರಿಗೆ ಎರಡು ಸಾಲು ಸೀಟಿನ ಬೊಲೆರೋ ಕ್ಯಾಂಪರ್ ಥರದ ಗಾಡಿಗಳಿವೆ. ಐದು ಜನ ಒಳಗೆ, ಸರಕು ಹಿಂದೆ. ಬಾಡಿ ಚಿಕ್ಕದಾಗುತ್ತೆ, ರಾತ್ರಿ ನಿದ್ದೆ ಬರುತ್ತೆ.

ಒಂದು ದಿನದ ಲೆಕ್ಕ

ಸರಿ, ಈಗ ಕ್ಯಾಲ್ಕುಲೇಟರ್. ಇದು ಉದಾಹರಣೆ, ನಿಮ್ಮ ಊರಿನ ಅಂಕಿ ಹಾಕ್ಕೊಂಡು ನೋಡಿ.

8 ಲಕ್ಷ ಸಾಲ, ಐದು ವರ್ಷ, 11 ಪರ್ಸೆಂಟ್ ಬಡ್ಡಿ. ಕಂತು ಸುಮಾರು 17,400 ರೂಪಾಯಿ. ಐದು ವರ್ಷಕ್ಕೆ ಬಡ್ಡಿಯೇ ಸುಮಾರು 2.44 ಲಕ್ಷ. ತಿಂಗಳಿಗೆ 25 ದಿನ ಗಾಡಿ ಓಡಿದರೆ ದಿನಕ್ಕೆ ಕಂತಿನ ಪಾಲು 696. ದಿನಕ್ಕೆ 100 ಕಿಲೋಮೀಟರ್, ಲೀಟರ್‌ಗೆ 12 ಮೈಲೇಜ್, ಡೀಸೆಲ್ 90 ರೂಪಾಯಿ ಅಂದ್ರೆ 750. ಟೈರು, ಸರ್ವೀಸ್, ವಿಮೆ, ಎಫ್‌ಸಿ ಎಲ್ಲ ಸೇರಿ ದಿನಕ್ಕೆ 300. ಡ್ರೈವರ್ ಸಂಬಳ 700. ನೀವೇ ಓಡಿಸಿದ್ರೂ ಅದನ್ನ ಬರೆಯಿರಿ, ನಿಮ್ಮ ದಿನಕ್ಕೂ ಬೆಲೆ ಇದೆ. ಒಟ್ಟು 2,446. ಅಂದ್ರೆ ದಿನಕ್ಕೆ ಸುಮಾರು 2,450 ದುಡಿದಾಗ ನೀವು ಸೊನ್ನೆಗೆ ಬಂದ್ರಿ. ಲಾಭ ಅದರ ಮೇಲೆ.

ಈ 100 ಕಿಲೋಮೀಟರಲ್ಲಿ 50 ಹೋಗೋದು, 50 ಬರೋದು. ಎರಡೂ ಕಡೆ ಲೋಡ್ ಇದ್ದರೆ ಕಿಲೋಮೀಟರ್‌ಗೆ 24.50 ಬಂದರೆ ಸಾಕು. ವಾಪಸ್ ಖಾಲಿ ಬಂದರೆ ಹೋಗೋ ದಾರೀಲೇ 49 ವಸೂಲಾಗಬೇಕು. ಹಾಗಾಗಿ ಪಿಕಪ್ ಬಿಸಿನೆಸ್‌ನಲ್ಲಿ ಗೆಲ್ಲೋದು ದೊಡ್ಡ ಎಂಜಿನ್ ಇರೋನಲ್ಲ, ವಾಪಸ್ ಲೋಡ್ ಹಿಡಿದೋನು. ಬೆಳಿಗ್ಗೆ ಟೊಮೆಟೊ ಒಯ್ದು ಬರುವಾಗ ಗೊಬ್ಬರ, ಫೀಡು, ಅಂಗಡಿ ಸಾಮಾನು ಸಿಗೋ ಹಾಗಿದ್ರೆ ಮುಂದುವರೀರಿ. ಬರೀ ಮೂರು ತಿಂಗಳ ಸೀಸನ್ ನಂಬ್ಕೊಂಡು 60 ಕಂತಿಗೆ ಸಹಿ ಹಾಕಬೇಡಿ.

ಕೆಲವು ಕಾಗದದ ವಿಷಯ ಬೇಗ ಹೇಳ್ತೀನಿ. ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ, ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್‌ನಲ್ಲೇ ವಿನಾಯಿತಿ ಇದೆ. ಅದಕ್ಕೇ ಬ್ರೋಷರ್‌ನಲ್ಲಿ ಆ ಒಟ್ಟು ತೂಕದ ಅಂಕಿ ತಪ್ಪದೆ ನೋಡಿ. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಲೈಸೆನ್ಸ್ ವಿಷಯ, 7,500 ಕೆಜಿ ಒಳಗಿನ ಸರಕು ಗಾಡಿಯನ್ನ ಎಲ್‌ಎಂವಿ ಲೈಸೆನ್ಸ್‌ನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಸರಕು ಗಾಡಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಹಳೇ ಕೊಟೇಶನ್ ಇಟ್ಕೊಂಡು ಕೂರಬೇಡಿ.

ಎಲೆಕ್ಟ್ರಿಕ್ ಬಗ್ಗೆ ಕೇಳ್ತೀರಿ ಅಂತ ಗೊತ್ತು. 2022ರಲ್ಲಿ ಬಂದ ಟಾಟಾ ಏಸ್ ಇವಿಗೆ 21.3 ಯೂನಿಟ್ ಬ್ಯಾಟರಿ, ಲೋಡ್ 600 ಕೆಜಿ, ಪರೀಕ್ಷೆಯಲ್ಲಿ ಒಂದು ಚಾರ್ಜ್‌ಗೆ 154 ಕಿಲೋಮೀಟರ್. ಲೋಡ್, ಬಿಸಿಲು, ನಿಂತು ನಿಂತು ಹೋಗೋ ಟ್ರಾಫಿಕ್ ಎಲ್ಲ ಸೇರಿದ್ರೆ ರಸ್ತೇಲಿ ಕಡಿಮೆ ಸಿಗುತ್ತೆ ಅಂತ್ಲೇ ಲೆಕ್ಕ ಹಾಕಿ. ಊರೊಳಗೆ ನೀರಿನ ಕ್ಯಾನ್, ಪಾರ್ಸೆಲ್ ಹಂಚಿ ರಾತ್ರಿ ಒಂದೇ ಕಡೆ ನಿಲ್ಲೋ ಗಾಡಿಗೆ ಇದು ಚೆನ್ನಾಗಿ ಹೊಂದುತ್ತೆ. ಮಾರ್ಕೆಟ್ ಯಾವ ಕಡೆ ರೇಟ್ ಇದೆಯೋ ಆ ಕಡೆ, ಚೆನ್ನೈಗೂ ಸೈ ಅನ್ನೋರಿಗೆ ಇನ್ನೂ ಕಷ್ಟ.

ಹಾಗಾದ್ರೆ ಯಾವುದು?

ವಿ-ಕ್ರಾಸ್ ಕೇಳಿದ ಗೆಳೆಯರೇ, ಸಕಲೇಶಪುರಕ್ಕೆ ಅದು ಸೊಗಸು. ಫೋರ್ ವೀಲ್ ಇರೋ ಮಾಡೆಲ್ ಆದರೆ ಇನ್ನೂ ಖುಷಿ. ಹಾರ್ಡ್‌ವೇರ್ ಅಂಗಡಿಗೆ ಅಲ್ಲ. ಅದು ಖಾಸಗಿ ಗಾಡಿಯಾಗಿ ನೋಂದಣಿ ಆಗಿದ್ರೆ ಬಿಳಿ ಬೋರ್ಡ್‌ನಲ್ಲಿ ಬಾಡಿಗೆ ಹೊಡೆಯೋ ಹಾಗೂ ಇಲ್ಲ. ಅಪ್ಪನ ಅಂಗಡಿ ಸಾಮಾನಿಗೆ ಹಳೇ ಏಸ್ ಒಂದು ನೋಡಿ, ಅದು ದುಡಿಯುತ್ತೆ. ವಿ-ಕ್ರಾಸ್ ನಿಮ್ಮ ಆಸೆ, ಅದನ್ನ ಆಸೆ ಅಂತ್ಲೇ ಬಜೆಟ್‌ನಲ್ಲಿ ಬರೆಯಿರಿ. ಆಸೆ ತಪ್ಪಲ್ಲ, ಆಸೆಯನ್ನ ಬಂಡವಾಳ ಅಂತ ಬರೆಯೋದು ತಪ್ಪು. ಹೈಲಕ್ಸ್ 2022ರಲ್ಲಿ ಬಂದಾಗ 33.99 ಲಕ್ಷದಿಂದ ಶುರು. ಆಮೇಲೆ ಇಳಿದಿದೆ. ಬೊಲೆರೋ ಮ್ಯಾಕ್ಸ್ ಪಿಕಪ್ 2023ರಲ್ಲಿ ಬಂದಾಗ 7.85 ಲಕ್ಷದಿಂದ ಶುರು, ಲೋಡ್ 1.3ರಿಂದ 2 ಟನ್, ಬಾಡಿ 10 ಅಡಿ ತನಕ. ಒಂದರ ದುಡ್ಡಲ್ಲಿ ಇನ್ನೊಂದು ನಾಲ್ಕು ಬರುತ್ತೆ. ಅಂದ್ರೆ ಇವೆರಡೂ ಒಂದೇ ಸಾಲಿನ ಪೈಪೋಟಿ ಗಾಡಿಗಳೇ ಅಲ್ಲ.

ಕೋಲಾರದ ಗೆಳೆಯರೇ, ನಿಮಗೆ ಬಾನೆಟ್ ಇರೋ, ಮೂರು ಬಾಗಿಲು ತೆರೆಯೋ, ಒಂಬತ್ತು ಅಡಿ ಆಸುಪಾಸಿನ ಬಾಡಿಯ ಕೆಲಸದ ಪಿಕಪ್ ಸರಿ. ಆದರೆ ಬುಕ್ ಮಾಡೋ ಮುಂಚೆ ಒಂದು ವಾರ ಬೇರೆಯವರ ಗಾಡಿ ಜೊತೆ ಓಡಾಡಿ. ಒಂದು ನೋಟ್‌ಬುಕ್‌ನಲ್ಲಿ ಮೂರು ವಿಷಯ ಬರೆಯಿರಿ. ಪ್ರತಿ ಟ್ರಿಪ್‌ಗೆ ನಿಜವಾದ ತೂಕ ಎಷ್ಟು? ವಾಪಸ್ ಎಷ್ಟು ಸಲ ಖಾಲಿ ಬಂತು? ದುಡ್ಡು ಕೈಗೆ ಬಂದಿದ್ದು ಅವತ್ತೇನಾ, ತಿಂಗಳ ಮೇಲಾ? ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬಾಗಿಲು ತಟ್ಟುತ್ತೆ.

ಆ ನೋಟ್‌ಬುಕ್‌ನ ಫೋಟೋ ನಮಗೆ ಕಳಿಸಿ, ಹೆಸರು ಹೇಳದೆ ಮುಂದಿನ ಎಪಿಸೋಡ್‌ನಲ್ಲಿ ಲೆಕ್ಕ ಹಾಕೋಣ. ನಿಮ್ಮಲ್ಲಿ ಯಾರಾದ್ರೂ ಈಗಾಗಲೇ ಪಿಕಪ್ ಓಡಿಸ್ತಿದ್ರೆ ನಿಮ್ಮ ದಿನದ ಸೊನ್ನೆ ಗೆರೆ ಎಷ್ಟು ಅಂತ ಒಂದು ವಾಯ್ಸ್ ಮೆಸೇಜ್ ಹಾಕಿ. ಬೆಲ್ಟ್ ಹಾಕ್ಕೊಳ್ಳಿ, ಟಾರ್ಪಾಲ್ ಬಿಗಿಯಾಗಿ ಕಟ್ಟಿ. ಮುಂದಿನ ವಾರ ಸಿಗೋಣ.